ಎರಡು ಸುತ್ತು ಸುತ್ತಿದ ಪಟ್ಟಿ

"ಗುರುಗಳೇ, ಇಬ್ಬರು ತಿಳಿದವರು ಒಂದೇ ವಿಷಯಕ್ಕೆ ಎರಡು ಮಾತು ಹೇಳಿದರೆ, ಯಾರ ಮಾತು ಸರಿ ಎಂದು ಹೇಗೆ ತಿಳಿಯುವುದು?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು.

ಒಬ್ಬ ಹೊಲಿಗೆಯವಳಿದ್ದಳು. ಅವಳಿಗೆ ನಾಲ್ಕು ವರ್ಷದ ಮಗಳು. ಸ್ನಾನ ಮಾಡಿಸುವಾಗ ಮಗಳ ಹೊಟ್ಟೆಯ ಎಡಗಡೆ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಮಗುವಿಗೆ ಏದುಸಿರೂ ಇತ್ತು. ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದಾಗ ಎರಡು ಸಂಗತಿ ತಿಳಿದವು. ಮೂತ್ರಪಿಂಡದಲ್ಲಿ ಕ್ಯಾನ್ಸರ್ ಗಡ್ಡೆ ಇತ್ತು. ಅದು ಚಿಕ್ಕ ಮಕ್ಕಳಿಗೆ ಬರುವ ಬಗೆಯದು. ಸರಿಯಾದ ಚಿಕಿತ್ಸೆ ಸಿಕ್ಕರೆ ಹೆಚ್ಚಿನ ಮಕ್ಕಳು ಉಳಿಯುತ್ತಾರೆ. ಆದರೆ ಈ ಮಗುವಿನ ಹೃದಯವೂ ಹಿಗ್ಗಿ ಸೋತಿತ್ತು.

ಗಡ್ಡೆಯ ವೈದ್ಯರು, "ಇದು ದಿನದಿನಕ್ಕೂ ಬೆಳೆಯುತ್ತದೆ. ಕಾಯುವಂತಿಲ್ಲ" ಎಂದರು.

ಹೃದಯದ ವೈದ್ಯರು, "ಈ ಹೃದಯ ಶಸ್ತ್ರಚಿಕಿತ್ಸೆಯನ್ನು ತಾಳುವುದಿಲ್ಲ. ಗಡ್ಡೆಯ ಔಷಧಿಗಳಲ್ಲೂ ಒಂದು ಹೃದಯಕ್ಕೆ ಕೆಟ್ಟದ್ದು. ಮೊದಲು ಇದು ಬಲವಾಗಲಿ" ಎಂದರು.

ಹೀಗೆ ಒಂಬತ್ತು ದಿನ ಕಳೆಯಿತು. ಹೃದಯ ಬಲವಾಗಲಿಲ್ಲ. ಏಕೆಂದು ಯಾರಿಗೂ ತಿಳಿಯಲಿಲ್ಲ. ಮಗು ಮಲಗಿದರೆ ಉಸಿರು ಕಟ್ಟುತ್ತಿತ್ತು; ತಾಯಿ ಎದೆಗೆ ಒರಗಿಸಿಕೊಂಡೇ ನಿದ್ದೆ ಮಾಡಿಸುತ್ತಿದ್ದಳು.

ಮಗುವನ್ನು ಇರಿಸಿದ್ದು ಹೃದಯದ ವಾರ್ಡಿನಲ್ಲಿ. ಅಲ್ಲಿ ಉಳಿದವರೆಲ್ಲ ದೊಡ್ಡವರು. ದಿನಾ ಬೆಳಿಗ್ಗೆ ನರ್ಸ್ ಬಂದು ಬಿಪಿ ನೋಡುತ್ತಿದ್ದಳು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರೆ ರಕ್ತದ ಒತ್ತಡ ಎಷ್ಟೆಂದು ತಿಳಿಯುತ್ತದಲ್ಲ, ಅದು. ಅಂಕಿ ಸ್ವಲ್ಪವೇ ಹೆಚ್ಚು ಬರುತ್ತಿತ್ತು. ಮಗು ಅತ್ತಿದೆ, ಅದಕ್ಕೇ ಎಂದುಕೊಂಡು ಮುಂದೆ ಹೋಗುತ್ತಿದ್ದರು.

ಹತ್ತನೆಯ ದಿನ ತಾಯಿ ಕೇಳಿದಳು. "ಸಿಸ್ಟರ್, ನಿನ್ನೆ ನನಗೆ ತಲೆ ಸುತ್ತಿದಾಗ ಕಟ್ಟಿದ್ದೂ ಇದೇ ಪಟ್ಟಿ ಅಲ್ಲವಾ?"

"ಹೌದಮ್ಮ. ಈ ವಾರ್ಡಿಗೆಲ್ಲ ಇದೇ. ಇವಳಿಗೆ ಎರಡು ಸುತ್ತು ಸುತ್ತಿದರೆ ಕೂರುತ್ತದೆ."

"ನನ್ನ ರವಿಕೆಯನ್ನು ಎರಡು ಮಡಿಕೆ ಹಾಕಿ ಹೊಲಿದರೆ ಅದೂ ಇವಳಿಗೆ ಕೂರುತ್ತದೆ. ಅದನ್ನು ನೋಡಿ ಇವಳ ಅಳತೆ ಹೇಳೋಕಾಗುತ್ತಾ?"

"ಇದೇನು ನಿಮ್ಮ ಹೊಲಿಗೆ ಅಂಗಡಿಯೇ?" ಎಂದು ನರ್ಸ್ ನಕ್ಕಳು. ನಕ್ಕವಳು ಹಾಗೆಯೇ ನಿಂತಳು. ಸಣ್ಣ ತೋಳಿಗೆ ಅಗಲದ ಪಟ್ಟಿ ಸುತ್ತಿದರೆ ಒತ್ತಡ ನಿಜಕ್ಕಿಂತ ಕಡಿಮೆ ತೋರುತ್ತದೆ ಎಂದು ಅವಳು ಓದಿದ್ದಳು. ಓದಿದ್ದು ಆಗ ನೆನಪಾಯಿತು. ಮಕ್ಕಳ ವಾರ್ಡಿಗೆ ಹೋಗಿ ಸಣ್ಣ ಪಟ್ಟಿ ತಂದಳು. ಈ ಸಲ ಬಂದ ಅಂಕಿ ಆ ವಯಸ್ಸಿಗೆ ಇರಬೇಕಾದ್ದಕ್ಕಿಂತ ತುಂಬ ಹೆಚ್ಚಾಗಿತ್ತು. ಅವಳು ಮೂರು ಸಲ ನೋಡಿದಳು. ಆಮೇಲೆ ಇಬ್ಬರು ವೈದ್ಯರನ್ನೂ ಕರೆಸಿದಳು.

ಆಗ ಎಲ್ಲವೂ ತಿಳಿಯಿತು. ಗಡ್ಡೆ ಇರುವ ಮೂತ್ರಪಿಂಡ ರಕ್ತದ ಒತ್ತಡವನ್ನು ಏರಿಸುತ್ತಿತ್ತು. ಆ ಒತ್ತಡಕ್ಕೆ ಎದುರಾಗಿ ರಕ್ತ ದಬ್ಬಿ ದಬ್ಬಿ ಹೃದಯ ಸೋತಿತ್ತು. ಎಂದರೆ, ಹೃದಯದ ರೋಗ ಬೇರೆಯಾಗಿ ಬಂದದ್ದಲ್ಲ, ಗಡ್ಡೆಯಿಂದಲೇ ಬಂದದ್ದು. ಒತ್ತಡ ಇಳಿಯದೆ ಹೃದಯ ಬಲವಾಗುವಂತಿರಲಿಲ್ಲ.

ಅಂದೇ ಒತ್ತಡ ಇಳಿಸುವ ಔಷಧಿ ಕೊಟ್ಟರು. ಒತ್ತಡ ಹಿಡಿತಕ್ಕೆ ಬಂದ ಮೇಲೆ ಗಡ್ಡೆ ಕುಗ್ಗಿಸುವ ಔಷಧಿಯನ್ನೂ ಶುರುಮಾಡಿದರು. ಹೃದಯಕ್ಕೆ ಕೆಟ್ಟದ್ದನ್ನು ಮಾತ್ರ ಬಿಟ್ಟರು. ಕೆಲವು ವಾರಗಳಲ್ಲಿ ಗಡ್ಡೆ ಕುಗ್ಗಿತು, ಹೃದಯ ಚೇತರಿಸಿತು. ಆಮೇಲೆ ಇಬ್ಬರು ವೈದ್ಯರೂ ಒಂದೇ ಮೇಜಿನ ಎರಡು ಕಡೆ ನಿಂತರು; ಗಡ್ಡೆಯ ವೈದ್ಯರು ರೋಗ ಹಿಡಿದ ಮೂತ್ರಪಿಂಡವನ್ನು ತೆಗೆದರು, ಹೃದಯದ ವೈದ್ಯರು ಹೃದಯವನ್ನು ನೋಡಿಕೊಂಡರು. ಇನ್ನೊಂದು ಚೆನ್ನಾಗಿತ್ತು, ಬದುಕಲು ಒಂದು ಸಾಕು. ಮಗು ಉಳಿಯಿತು.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ಕುತೂಹಲ ತೀರಿರಲಿಲ್ಲ.

"ಕತೆ ತಿಳಿಯಿತು ಗುರುಗಳೇ. ಆದರೆ ಆ ಇಬ್ಬರು ವೈದ್ಯರಲ್ಲಿ ಯಾರ ಮಾತು ಸರಿ?"

"ಇಬ್ಬರದೂ ಸರಿಯೇ ಇತ್ತು, ಅದಕ್ಕೇ ಅಳತೆ ತಪ್ಪಿರಬಹುದೆಂದು ಯಾರೂ ನೋಡಲಿಲ್ಲ. ಒಂಬತ್ತು ದಿನ ಮಗುವನ್ನು ಕೊಲ್ಲುತ್ತಿದ್ದದ್ದು ಅದೇ."