ಹಾಡಿನ ವ್ಯಾಪಾರಿಯ ಏಳು ಅಂಗಡಿಗಳು

"ಗುರುಗಳೇ, ಕಟ್ಟಿದವನ ಕಣ್ಣೆದುರಿಗೇ ಕಟ್ಟಿದ್ದು ಇಲ್ಲವಾದರೆ, ಅವನು ದುಡಿದದ್ದೆಲ್ಲ ವ್ಯರ್ಥವೇ?" ಎಂದು ಮರುಳಯ್ಯ ಕೇಳಿದ.

ಮರುಳಯ್ಯ ಆಶ್ರಮದ ಶಿಷ್ಯ. ಹದಿನಾರು ವರ್ಷ ಸುತ್ತಲಿನ ಮೂರು ಹಳ್ಳಿಗಳಿಗೆ ಹೋಗಿ ಹಾಡುಗಾರಿಕೆ ಕಲಿಸಿದವನು. ಎರಡು ಹಳ್ಳಿಗಳಲ್ಲಿ ಪಾಠ ನಿಂತುಹೋಗಿತ್ತು. ಮೂರನೆಯದರಲ್ಲಿ ಕಲಿಯುವವರು ಮೂವರೇ ಉಳಿದಿದ್ದರು. ಬರುವ ತಿಂಗಳಿಗೆ ಅದನ್ನೂ ನಿಲ್ಲಿಸುವುದೆಂದು ಆಶ್ರಮದ ಹಿರಿಯರು ತೀರ್ಮಾನಿಸಿದ್ದರು. ಈಚೆಗೆ ಅವನು ಆ ಮೂವರ ಮೇಲೂ ರೇಗುತ್ತಿದ್ದಾನೆ ಎಂಬ ಮಾತು ಗುರುಗಳ ಕಿವಿಗೆ ಬಿದ್ದಿತ್ತು.

ಗುರುಗಳು ಅವನಿಗೆ ಕುಳಿತುಕೊಳ್ಳಲು ಹೇಳಿ ಈ ಕತೆ ಶುರುಮಾಡಿದರು.

ದಾವಣಗೆರೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಮೊದಮೊದಲು ಬಸ್ ನಿಲ್ದಾಣದ ಪಕ್ಕದಲ್ಲಿ ಒಂದು ಮೇಜು ಹಾಕಿಕೊಂಡು ಹಾಡಿನ ಕ್ಯಾಸೆಟ್ ಮಾರುತ್ತಿದ್ದ. ಮೇಜಿನ ಮೇಲೆ ಒಂದು ಟೇಪ್ ರೆಕಾರ್ಡರ್ ಇತ್ತು. ಯಾರು ಯಾವ ಹಾಡು ಕೇಳಿದರೂ ಹಾಕುತ್ತಿದ್ದ. ಹಾಕಿದ ಹಾಡನ್ನು ಅರ್ಧಕ್ಕೆ ನಿಲ್ಲಿಸುತ್ತಿರಲಿಲ್ಲ. ಪೂರ್ತಿ ಕೇಳಿಸಿಕೊಂಡು, ಹಿಡಿಸಿದರೆ ಕೊಳ್ಳಬಹುದು, ಇಲ್ಲವಾದರೆ ಎದ್ದು ಹೋಗಬಹುದು. ಅವನು ಬೇಸರಿಸುತ್ತಿರಲಿಲ್ಲ.

ಕೆಲವರಿಗೆ ತಮಗೆ ಬೇಕಾದ ಹಾಡು ಯಾವುದೆಂದೇ ಗೊತ್ತಿರುತ್ತಿರಲಿಲ್ಲ. ಒಮ್ಮೆ ಒಬ್ಬ ರೈತ ಬಂದು, ಮೊದಲ ಸಾಲು ನೆನಪಿಲ್ಲ, ನಡುವೆ ಎಲ್ಲೋ ಗಿಣಿ ಎನ್ನುವ ಮಾತು ಬರುತ್ತದೆ ಎಂದ. ವ್ಯಾಪಾರಿ ಎರಡು ದಿನ ಹುಡುಕಿದ. ಮೂರನೆಯ ದಿನ ರೈತ ಬಂದಾಗ ಹಾಡು ಸಿಕ್ಕಿತ್ತು. ಇಂಥ ಸುದ್ದಿ ಬೇಗ ಹರಡುತ್ತದೆ. ಮೇಜು ಅಂಗಡಿಯಾಯಿತು. ಆಮೇಲೆ ಹರಿಹರದಲ್ಲಿ ಇನ್ನೊಂದು ಅಂಗಡಿ, ರಾಣೆಬೆನ್ನೂರಿನಲ್ಲಿ ಮತ್ತೊಂದು. ಹಾವೇರಿ, ಚಿತ್ರದುರ್ಗ, ಹೊಸಪೇಟೆ, ಗದಗ ಸೇರಿ ಏಳು ಅಂಗಡಿಗಳಾದವು. ಏಳಕ್ಕೂ ಒಂದೇ ಹಳದಿ ಬೋರ್ಡು. ಪ್ರತಿ ಅಂಗಡಿಯಲ್ಲಿಯೂ ಬಾಗಿಲ ಪಕ್ಕದಲ್ಲಿ ಒಂದು ಬೆಂಚು. ಅದು ಹಾಡು ಕೇಳುವವರ ಬೆಂಚು.

ಇಪ್ಪತ್ತು ವರ್ಷ ಚೆನ್ನಾಗಿ ನಡೆಯಿತು. ಕ್ಯಾಸೆಟ್ ಹೋಗಿ ಸಿಡಿ ಬಂದಾಗ ಅವನೂ ಸಿಡಿ ಇಟ್ಟ. ಜನ ಮನೆಯಲ್ಲಿ ಸಿನಿಮಾ ನೋಡತೊಡಗಿದಾಗ ಸಿನಿಮಾ ಇಟ್ಟ. ಆಮೇಲೆ ಬೆರಳಿನ ಉಗುರಿನಷ್ಟು ಚಿಕ್ಕ ಕಾರ್ಡಿನಲ್ಲಿ ಸಾವಿರ ಹಾಡು ತುಂಬಿಕೊಡುವವರು ಬಂದರು. ಅದರ ಹಿಂದೆಯೇ, ಕಾರ್ಡೂ ಬೇಡವಾಗಿ, ಫೋನಿನಲ್ಲೇ ಬೇಕಾದ ಹಾಡು ಬೇಕೆಂದಾಗ ಸಿಗುವಂತಾಯಿತು. ಏಳು ಅಂಗಡಿಗಳಲ್ಲೂ ಜನ ಕಡಿಮೆಯಾದರು.

ವ್ಯಾಪಾರಿ ಮೊದಲು ಕಾರ್ಡು ತುಂಬುವವರನ್ನು ಬೈದ. ಅನಂತರ ತನ್ನ ಕೆಲಸಗಾರರನ್ನು ಬೈದ. ಅಂಗಡಿ ಉಳಿಸಬೇಕೆಂದು ಗೊಂಬೆ ತಂದಿಟ್ಟ, ಕೈಗಡಿಯಾರ ತಂದಿಟ್ಟ, ಫೋನಿನ ಕವರು ತಂದು ನೇತುಹಾಕಿದ. ಹಾಡುಗಳು ಗೊಂಬೆಗಳ ಹಿಂದೆ ಸೇರಿಕೊಂಡವು. ಯಾರಾದರೂ ಹಾಡು ಕೇಳಿಕೊಂಡು ಬಂದರೆ ಗೊಂಬೆ ಸರಿಸಿ ಹುಡುಕಬೇಕಾಗಿತ್ತು. ಕೊನೆಗೆ ಅವನ ಸಿಟ್ಟು ಬೆಂಚಿನ ಮೇಲೆ ತಿರುಗಿತು. ಕೂರುವವರೆಲ್ಲ ಕೇಳಿ ಎದ್ದು ಹೋಗುತ್ತಾರೆ, ಕೊಳ್ಳುವುದಿಲ್ಲ ಎಂದುಕೊಂಡ. ಏಳು ಅಂಗಡಿಗಳಿಂದಲೂ ಬೆಂಚು ತೆಗೆಸಿದ. ಕೊಳ್ಳದವರಿಗೆ ಹಾಡು ಕೇಳಿಸುವುದಿಲ್ಲ ಎಂದು ಕೆಂಪು ಅಕ್ಷರದಲ್ಲಿ ಬೋರ್ಡು ಬರೆಸಿ ಬಾಗಿಲಿಗೆ ಹಾಕಿಸಿದ.

ದಾವಣಗೆರೆಯ ಅಂಗಡಿ ನೋಡಿಕೊಳ್ಳುತ್ತಿದ್ದವಳು ಸುಭದ್ರಮ್ಮ ಎಂಬಾಕೆ. ಹತ್ತೊಂಬತ್ತು ವರ್ಷದಿಂದ ಅಲ್ಲಿಯೇ ಇದ್ದಳು. ಯಾವ ಹಾಡು ಯಾವ ಸಾಲಿನಲ್ಲಿದೆ ಎಂಬುದು ವ್ಯಾಪಾರಿಗಿಂತ ಆಕೆಗೆ ಹೆಚ್ಚು ಗೊತ್ತಿತ್ತು. ಆ ಅಂಗಡಿಗೆ ಪ್ರತಿ ಗುರುವಾರ ಒಬ್ಬ ನಿವೃತ್ತ ಅಂಚೆಯವನು ಬರುತ್ತಿದ್ದ. ಬೆಂಚಿನ ಮೇಲೆ ಕುಳಿತು ಒಂದು ಹಾಡು ಕೇಳಿ ಹೋಗುತ್ತಿದ್ದ. ಮನೆಯಲ್ಲಿ ಹಾಕಿ ಕೇಳಲು ಅವನಲ್ಲಿ ಏನೂ ಇರಲಿಲ್ಲ. ಆ ಗುರುವಾರವೂ ಬಂದ. ಬಾಗಿಲಲ್ಲಿ ನಿಂತು ಕೆಂಪು ಅಕ್ಷರಗಳನ್ನು ಓದಿದ. ಒಳಗೆ ಬರಲಿಲ್ಲ. ತಿರುಗಿ ಹೋದ.

ಸಂಜೆ ವ್ಯಾಪಾರಿ ಅಂಗಡಿಗೆ ಬಂದಾಗ ಸುಭದ್ರಮ್ಮ ಹೇಳಿದಳು: "ಯಜಮಾನರೇ, ಇವತ್ತು ಅಂಚೆಯವರು ಬಂದಿದ್ದರು. ಬೋರ್ಡು ಓದಿ ಹಾಗೇ ಹೋದರು."

"ಹೋಗಲಿ ಬಿಡು. ಹತ್ತು ವರ್ಷದಲ್ಲಿ ಅವರು ಏನು ಕೊಂಡಿದ್ದಾರೆ?"

"ಏನೂ ಕೊಂಡಿಲ್ಲ. ಯಜಮಾನರೇ, ಅಂಗಡಿ ಮುಚ್ಚುವ ಕಾಲ ಬಂದಿದ್ದರೆ ಮುಚ್ಚೋಣ. ನನಗೂ ಅದು ಕಾಣುತ್ತಿದೆ. ಆದರೆ ಈ ಬೋರ್ಡು ಹಾಕಿಕೊಂಡ ಅಂಗಡಿಯಾಗಿ ಮುಚ್ಚುವುದು ಬೇಡ."

ವ್ಯಾಪಾರಿಗೆ ಕೋಪ ಬಂತು. ಮುಚ್ಚುವುದು ಎಂಬ ಪದವನ್ನು ಮೂರು ವರ್ಷದಿಂದ ಅವನು ಯಾರ ಎದುರೂ ಆಡಿರಲಿಲ್ಲ, ಹೆಂಡತಿಯ ಎದುರೂ ಆಡಿರಲಿಲ್ಲ. ಸುಭದ್ರಮ್ಮ ಅದನ್ನು ಎಷ್ಟು ಸುಲಭವಾಗಿ ಆಡಿದ್ದಳೆಂದರೆ, ಅವನು ಗೊಂಬೆಗಳ ಮುಂದೆಯೇ ನಿಂತುಬಿಟ್ಟ. ನಿಂತಂತೆ ಕೋಪ ಇಳಿಯಿತು. ಬಹಳ ದಿನಗಳಿಂದ ಎದೆಯ ಮೇಲೆ ಏನೋ ಹೊತ್ತುಕೊಂಡಿದ್ದೆ ಎಂಬುದು, ಅದು ಇಳಿದ ಮೇಲೆ ಅವನಿಗೆ ತಿಳಿಯಿತು. ಅವನೇ ಕುರ್ಚಿ ಹತ್ತಿ ಕೆಂಪು ಅಕ್ಷರದ ಬೋರ್ಡು ಬಿಚ್ಚಿದ.

ಮನೆಗೆ ಹೋಗಿ ಹೆಂಡತಿಗೆ, ಅಂಗಡಿಗಳನ್ನು ಮುಚ್ಚಬೇಕೆಂದಿದ್ದೇನೆ ಎಂದ. ಆಕೆ ರೊಟ್ಟಿ ಬಡಿಯುತ್ತಿದ್ದಳು. ಒಳ್ಳೆಯದಾಯಿತು, ಇನ್ನು ಮೇಲಾದರೂ ಬಿಸಿ ಊಟ ಮಾಡುತ್ತೀರಿ ಎಂದಳು.

ಮರುದಿನ ವ್ಯಾಪಾರಿ ವಿಳಾಸ ವಿಚಾರಿಸಿಕೊಂಡು ಅಂಚೆಯವನ ಮನೆಗೆ ಹೋದ. ತಪ್ಪಾಯಿತು, ಗುರುವಾರ ಬನ್ನಿ ಎಂದು ಕರೆದ. ಅಂಚೆಯವನು ಚಹಾ ಕೊಟ್ಟ. ಗುರುವಾರ ಬಂದ. ಅಷ್ಟರಲ್ಲಿ ಬೆಂಚು ಮೊದಲಿನ ಜಾಗಕ್ಕೆ ಬಂದಿತ್ತು. ಏನೂ ನಡೆದಿಲ್ಲವೆಂಬಂತೆ ಕುಳಿತು ಹಾಡು ಕೇಳಿ ಹೋದ.

ಅಂಗಡಿಗಳನ್ನು ವ್ಯಾಪಾರಿ ಒಮ್ಮೆಲೇ ಮುಚ್ಚಲಿಲ್ಲ. ಮೊದಲು ಗೊಂಬೆ, ಗಡಿಯಾರ, ಕವರುಗಳನ್ನು ಮಾರಿ ಮುಗಿಸಿದ. ಎಲ್ಲ ಕಡೆ ಕೆಂಪು ಅಕ್ಷರದ ಬೋರ್ಡು ಇಳಿಯಿತು, ಬೆಂಚು ಮರಳಿತು, ಏಳೂ ಮತ್ತೆ ಹಾಡಿನ ಅಂಗಡಿಗಳಾದವು. ಆಮೇಲೆ ಒಂದೊಂದಾಗಿ ಮುಚ್ಚುತ್ತಾ ಬಂದ. ಪ್ರತಿ ಊರಿಗೂ ತಾನೇ ಹೋಗುತ್ತಿದ್ದ. ಕೆಲಸ ಮಾಡುವವರಿಗೆ ಬೇರೆ ಕಡೆ ಜಾಗ ನೋಡದೆ ಬೀಗ ಹಾಕುತ್ತಿರಲಿಲ್ಲ. ಕೆಲವರು ಬಟ್ಟೆ ಅಂಗಡಿ ಸೇರಿದರು. ಗದಗಿನ ಇಬ್ಬರು ಕೂಡಿಕೊಂಡು ಫೋನು ರಿಪೇರಿಗೆ ಕುಳಿತರು. ಹಾವೇರಿಯಲ್ಲಿ ಒಂದು ಕೈ ಸ್ವಾಧೀನವಿಲ್ಲದ ಕೆಲಸಗಾರನೊಬ್ಬನಿದ್ದ. ಎಲ್ಲಿ ಕೇಳಿದರೂ ಅವನಿಗೆ ಕೆಲಸ ಸಿಗಲಿಲ್ಲ. ಅವನೊಬ್ಬನಿಗಾಗಿ ಆ ಅಂಗಡಿಯನ್ನು ಇನ್ನೂ ನಾಲ್ಕು ತಿಂಗಳು ತೆರೆದಿಟ್ಟ. ನಾಲ್ಕನೆಯ ತಿಂಗಳು ಒಂದು ಕಾಲೇಜಿನವರು ಅವನನ್ನು ತಮ್ಮ ಗ್ರಂಥಾಲಯಕ್ಕೆ ತೆಗೆದುಕೊಂಡರು. ಪುಸ್ತಕ ಹುಡುಕಿಕೊಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಈಗ ಅಲ್ಲಿ ಹೆಸರು.

ಪ್ರತಿ ಅಂಗಡಿಯ ಕೊನೆಯ ವಾರ, ಯಾರು ಬೇಕಾದರೂ ಬಂದು ಕುಳಿತು ಹಾಡು ಕೇಳಬಹುದೆಂದು ಊರಲ್ಲಿ ಹೇಳಿಸುತ್ತಿದ್ದ. ರಾಣೆಬೆನ್ನೂರಿನಲ್ಲಿ ಬೆಂಚು ಸಾಲದೆ ಪಕ್ಕದ ಹೋಟೆಲಿನಿಂದ ಕುರ್ಚಿ ತರಿಸಬೇಕಾಯಿತು. ಅಲ್ಲಿ ಒಬ್ಬ ದರ್ಜಿ ಎದ್ದು ನಿಂತು, ಮಗಳು ಹುಟ್ಟಿದಾಗ ಇಲ್ಲಿಂದಲೇ ಜೋಗುಳದ ಕ್ಯಾಸೆಟ್ ಒಯ್ದಿದ್ದೆ, ಈಗ ಮೊಮ್ಮಗನಿಗೆ ಅದನ್ನು ನಾನೇ ಹಾಡುತ್ತೇನೆ ಎಂದು ಹೇಳಿ, ಎರಡು ಸಾಲು ಹಾಡಿಯೂ ಬಿಟ್ಟ. ರಾಗ ಎಲ್ಲೆಲ್ಲೋ ಹೋಯಿತು. ಎಲ್ಲರೂ ನಕ್ಕರು, ದರ್ಜಿಯೂ ನಕ್ಕ. ಚಿತ್ರದುರ್ಗದಲ್ಲಿ ಕೊನೆಯ ದಿನ ಯಾವುದೋ ಬಂದ್ ಇತ್ತು. ಒಬ್ಬರೂ ಬರಲಿಲ್ಲ. ವ್ಯಾಪಾರಿಯೂ ಇಬ್ಬರು ಕೆಲಸಗಾರರೂ ತಾವೇ ಬೆಂಚಿನ ಮೇಲೆ ಕುಳಿತು ನಾಲ್ಕು ಹಾಡು ಕೇಳಿ, ಬಾಗಿಲು ಎಳೆದುಕೊಂಡು ಬಂದರು.

ಕಡೆಗೆ ಉಳಿದದ್ದು ದಾವಣಗೆರೆಯ ಅಂಗಡಿ. ಅದನ್ನೂ ಮುಚ್ಚುವ ದಿನ ಬೇರೆ ಊರುಗಳಲ್ಲಿ ಕೆಲಸ ಮಾಡಿದ್ದವರೆಲ್ಲ ಬಂದಿದ್ದರು. ಮಂಡಕ್ಕಿ ಮಿರ್ಚಿ ತರಿಸಿದ್ದರು. ಕೊನೆಗೆ ಯಾವ ಹಾಡು ಹಾಕಲಿ ಎಂದು ಸುಭದ್ರಮ್ಮ ಕೇಳಿದಳು. ಇನ್ನು ಬಾಗಿಲಿಗೆ ಮೊದಲು ಬರುವವರು ಯಾವುದು ಕೇಳುತ್ತಾರೋ ಅದು ಎಂದ ವ್ಯಾಪಾರಿ. ಒಬ್ಬ ಬಸ್ ಕಂಡಕ್ಟರ್ ಬಂದ. ಮುಚ್ಚುವ ಸಂಗತಿ ಅವನಿಗೆ ಗೊತ್ತಿರಲಿಲ್ಲ. ಏನೋ ಒಂದು ತಮಾಷೆಯ ಹಾಡು ಕೇಳಿದ. ಅದನ್ನು ಪೂರ್ತಿ ಹಾಕಿದರು. ಬೆಳಕಿರುವಾಗಲೇ ಬೀಗ ಬಿತ್ತು.

ಆ ವ್ಯಾಪಾರಿಯನ್ನು ನಾನು ಕಂಡಿದ್ದೇನೆ. ದಾವಣಗೆರೆಯಲ್ಲಿ ಅವನ ಅಂಗಡಿಯಿದ್ದ ಜಾಗದಲ್ಲಿ ಈಗ ಕನ್ನಡಕದ ಅಂಗಡಿ ಇದೆ. ಸುಭದ್ರಮ್ಮ ಅಲ್ಲಿಯೇ ಕೆಲಸಕ್ಕಿದ್ದಾಳೆ. ವ್ಯಾಪಾರಿ ಬೆಳಿಗ್ಗೆ ತಿರುಗಾಡಲು ಹೋಗುತ್ತಾನೆ, ಹೆಂಡತಿಯ ಜೊತೆ ಬಿಸಿ ಊಟ ಮಾಡುತ್ತಾನೆ. ತರಕಾರಿ ಗಾಡಿಯವನ ಫೋನಿನಲ್ಲಿ ಒಳ್ಳೆಯ ಹಾಡು ಬಂದರೆ ನಿಂತು ಕೇಳುತ್ತಾನೆ. ಏಳು ಅಂಗಡಿ ಇದ್ದವನಿಗೆ ಬೇಸರವಾಗುವುದಿಲ್ಲವೇ ಎಂದು ನಾನೇ ಅವನನ್ನು ಕೇಳಿದೆ. ಆಗುತ್ತದೆ, ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಸ್ವಲ್ಪ ಆಗುತ್ತದೆ, ಅದು ಜನ ಬರುವ ಹೊತ್ತು, ಆಮೇಲೆ ಹೋಗುತ್ತದೆ ಎಂದ. ಸುಳ್ಳು ಹೇಳುವವನ ಮುಖ ಅದಾಗಿರಲಿಲ್ಲ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು.

ಮರುಳಯ್ಯ ತಲೆ ತಗ್ಗಿಸಿಕೊಂಡು ಕುಳಿತಿದ್ದ. ತಲೆಯೆತ್ತಿ, "ಒಳ್ಳೆಯ ಮನುಷ್ಯ, ಗುರುಗಳೇ. ಆದರೂ ಏಳೂ ಅಂಗಡಿ ಹೋದವಲ್ಲ, ಉಳಿದದ್ದೇನು?" ಎಂದು ಕೇಳಿದ.

"ಹಾಡು ಕೇಳಿದವರನ್ನು ಕೇಳು" ಎಂದರು ಗುರುಗಳು.

ಮರುಳಯ್ಯ ನಮಸ್ಕರಿಸಿ ಎದ್ದು, ಆ ಮೂವರಿದ್ದ ಹಳ್ಳಿಯ ದಾರಿ ಹಿಡಿದ.