ಗಾಳಿಯಲ್ಲೇ ಬಿಗಿದ ಬೋಲ್ಟು

ಜಾಕಿನ ಮೇಲಿದ್ದ ಜೀಪಿನ ಚಕ್ರಗಳು ಗಾಳಿಯಲ್ಲಿ ಜೋತುಬಿದ್ದಿದ್ದವು. ಆಕ್ಸಲನ್ನು ಜೀಪಿನ ಚೌಕಟ್ಟಿಗೆ ಜೋಡಿಸುವ ಹೊಸ ಲಿಂಕ್ ಕಂಬಿ ಕೂರಿಸಿದ್ದೇ ತಡ, ಅದರ ಬೋಲ್ಟು ಬಿಗಿದುಕೊಳ್ಳತೊಡಗಿತು.

“ತಡಿಯೋ ಮಾರಾಯ!” ಎಂದಿತು ಕಂಬಿಯ ತುದಿಯಲ್ಲಿ ಬೋಲ್ಟಿನ ಸುತ್ತ ಬಳೆಯಂತೆ ಕೂತಿದ್ದ ರಬ್ಬರ್ ಬುಷ್. “ಚಕ್ರ ನೆಲ ಮುಟ್ಟಲಿ, ಜೀಪಿನ ಭಾರ ಕೂರಲಿ, ಆಮೇಲೆ ಬಿಗಿ. ಈಗಲೇ ಬಿಗಿದರೆ, ಜೀಪು ಇಳಿದು ಕಂಬಿಯ ಓರೆ ಬದಲಾದ ಮೇಲೆ ಜನ್ಮವಿಡೀ ನಾನು ತಿರುಚಿಕೊಂಡೇ ಇರಬೇಕು.”

“ಕಾಯುತ್ತ ಕೂರುವುದು ಸಡಿಲರ ಲಕ್ಷಣ,” ಎಂದು ಬೋಲ್ಟು ಇನ್ನೊಂದು ಸುತ್ತು ಬಿಗಿಯಿತು.

ಜೀಪು ಇಳಿಯಿತು, ಬುಷ್ ತಿರುಚಿಕೊಂಡಿತು. ಗುಡ್ಡದ ದಾರಿಯಲ್ಲಿ ಜೀಪು ಮೊದಲ ಬಂಡೆ ಹತ್ತುವಾಗಲೇ ಅದು ಹರಿದುಹೋಯಿತು.

“ಥೂ, ಈಗಿನ ರಬ್ಬರಿಗೆ ತಾಳ್ಮೆಯೇ ಇಲ್ಲ,” ಎಂದಿತು ಬೋಲ್ಟು.

ಜೀಪು ಮತ್ತೆ ಜಾಕಿಗೇರಿತು, ಹೊಸ ಬುಷ್ ಬಂತು. ಚಕ್ರಗಳಿನ್ನೂ ಗಾಳಿಯಲ್ಲೇ ಇದ್ದವು. ಬುಷ್ ಬಾಯಿ ತೆರೆಯುವಷ್ಟರಲ್ಲಿ ಬೋಲ್ಟು ಬಿಗಿದಾಗಿತ್ತು.

“ಹಳೆಯದರ ಹಾಗೆ ನೀನೂ ಕೈಕೊಡಬೇಡ,” ಎಂದು ಎಚ್ಚರಿಸಿತು.