ಬಂದ ಎರಡು ಮೊಳಕೆ

ಚಿತ್ರದುರ್ಗದಲ್ಲಿ ಪಾಲಕ್ಷಮ್ಮ ಅಂತ ಒಬ್ಬ ಹೊಲಿಗೆಯಾಕೆ ಇದ್ದಳು. ಬಾಡಿಗೆ ಮನೆ, ಒಂದು ಹೊಲಿಗೆ ಯಂತ್ರ, ಮೇಲೊಂದು ತಾರಸಿ. ಅವಳ ತಾಯಿ ತೀರಿಕೊಂಡು ಐದು ವರ್ಷವಾಗಿತ್ತು. ಒಂದು ದಿನ ತಮ್ಮ ತಿಪ್ಪೇಶ ಬಟ್ಟೆಯ ಸಣ್ಣ ಗಂಟೊಂದನ್ನು ತಂದುಕೊಟ್ಟ.

"ಅವ್ವನ ಟ್ರಂಕಿನ ತಳದಲ್ಲಿತ್ತು, ನೋಡಕ್ಕ."

ಬಿಚ್ಚಿದರೆ ಮೆಣಸಿನ ಬೀಜ! ಅವ್ವ ಹಿತ್ತಲಲ್ಲಿ ಬೆಳೆಯುತ್ತಿದ್ದ ಗಿಡ್ಡ ಮೆಣಸಿನಕಾಯಿಯದು. ಅಂಥ ಖಾರ, ಅಂಥ ಘಮ ಪಾಲಕ್ಷಮ್ಮನಿಗೆ ಆಮೇಲೆ ಯಾವ ಸಂತೆಯಲ್ಲೂ ಸಿಕ್ಕಿರಲಿಲ್ಲ.

ಅವಳು ಬೀಜವನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಹಾಕಿದಳು. ತಾರಸಿಯಲ್ಲಿದ್ದ ಒಡೆದ ಬಕೆಟ್ಟಿಗೆ ಮಣ್ಣು, ಗೊಬ್ಬರ ತುಂಬಿ, ಒಂದೂ ಉಳಿಸದೆ ಬಿತ್ತಿದಳು. ಹನ್ನೆರಡು ದಿನ ಕಾದಳು. ಮೂವತ್ತು ಬೀಜದಲ್ಲಿ ಎರಡೇ ಎರಡು ಮೊಳೆತವು.

ಪಾಲಕ್ಷಮ್ಮನಿಗೆ ಉಳಿದ ಇಪ್ಪತ್ತೆಂಟರದೇ ಚಿಂತೆಯಾಯಿತು. ಅಂದಿನಿಂದ ಬೆಳಿಗ್ಗೆ ಎದ್ದವಳೇ ತಾರಸಿಗೆ ಓಡುವಳು. ಮುಡಿಯ ಪಿನ್ನು ತೆಗೆದು, ಬಾರದ ಬೀಜ ಎಲ್ಲಿದೆ ಎಂದು ಮಣ್ಣು ಕೆದಕುವಳು. ಐದನೆಯ ದಿನ ಪಿನ್ನು ಒಂದು ಮೊಳಕೆಯ ಬೇರಿಗೇ ತಾಗಿತು. ಮಧ್ಯಾಹ್ನದ ಹೊತ್ತಿಗೆ ಅದು ಬಾಡಿ ಮಲಗಿತು.

ಪಾಲಕ್ಷಮ್ಮ ಅಲ್ಲೇ ಕುಸಿದು ಕೂತು ಅತ್ತಳು. ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ನೂರ್‌ಜಾನ್ ಗೋಡೆ ಬಳಿ ಬಂದಳು.

"ಯಾಕಕ್ಕ, ಏನಾಯ್ತು?"

"ಐದು ವರ್ಷ ಗಂಟಿನಲ್ಲೇ ಇದ್ದ ಅವ್ವನ ಬೀಜ ಎಲ್ಲಾ ಹೋಯ್ತು ಕಣೇ!"

ನೂರ್‌ಜಾನ್ ಗೋಡೆಯ ಮೇಲಿಂದ ಬಗ್ಗಿ ಬಕೆಟ್ಟಿನೊಳಗೆ ನೋಡಿದಳು. "ಎಲ್ಲಾ ಎಲ್ಲಿ ಹೋಯ್ತು? ಇಲ್ಲೊಂದು ನಿಂತಿದೆಯಲ್ಲ. ಐದು ವರ್ಷ ಗಂಟಿನಲ್ಲಿ ಬಿದ್ದಿದ್ದ ಬೀಜ, ಕಣ್ಣು ಬಿಟ್ಟಿದ್ದೇ ದೊಡ್ಡದು. ಅದಿರಲಿ, ಇದಕ್ಕೆ ನೀರು ಹಾಕಿ ಎಷ್ಟು ದಿನ ಆಯ್ತು?"

ಪಾಲಕ್ಷಮ್ಮ ಬಕೆಟ್ಟಿನೊಳಗೆ ನೋಡಿದಳು. ಮಣ್ಣು ಬಿರುಕು ಬಿಟ್ಟಿತ್ತು. ಬಾರದ್ದನ್ನು ಹುಡುಕುವ ಭರದಲ್ಲಿ ಬಂದದ್ದಕ್ಕೆ ಅವಳು ಒಂದು ಹನಿ ನೀರು ಹಾಕಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಅಂಗೈಯಲ್ಲಿ ನೀರು ಹಿಡಿದು, ಮೆಲ್ಲಗೆ, ಬೇರಿಗೆ ನೋವಾಗದಂತೆ ಬಿಟ್ಟಳು.

ಆಮೇಲೆ ಅವಳು ಮಣ್ಣು ಕೆದಕಲಿಲ್ಲ. ಬಿಸಿಲು ಜೋರಾದರೆ ರವಿಕೆ ಹೊಲಿದುಳಿದ ಬಟ್ಟೆ ಕಟ್ಟಿ ನೆರಳು ಮಾಡಿದಳು. ಎಲೆ ಮುದುಡಿದಾಗ ಹುಳಿಮಜ್ಜಿಗೆ ನೀರು ಚಿಮುಕಿಸಿದಳು. ಮೊದಲ ಹೂಗಳು ಉದುರಿಹೋದವು. ಅವಳು ಉದುರಿದ್ದನ್ನು ಆರಿಸುತ್ತಾ ಕೂರದೆ, ಗಿಡಕ್ಕೆ ಎಂದಿನಂತೆ ನೀರು ಹಾಕಿದಳು. ಮತ್ತೆ ಹೂ ಬಿಟ್ಟಿತು. ನಾಲ್ಕನೆಯ ತಿಂಗಳಿಗೆ ಗಿಡ ಕೆಂಪು ಕೆಂಪಾಗಿ ಬಾಗಿತು.

ಒಂದು ಭಾನುವಾರ ಅವಳು ತಿಪ್ಪೇಶನನ್ನೂ ನೂರ್‌ಜಾನಳನ್ನೂ ಊಟಕ್ಕೆ ಕರೆದಳು. ಬಿಸಿ ರೊಟ್ಟಿ, ಒರಳಲ್ಲಿ ಅರೆದ ಕೆಂಪು ಚಟ್ನಿ. ತಿಪ್ಪೇಶ ಒಂದು ತುತ್ತು ತಿಂದ. ಕಣ್ಣಲ್ಲಿ ನೀರು ಬಂತು. ಮೂಗು ಒರೆಸಿಕೊಂಡು ನಕ್ಕ.

"ಥೇಟ್ ಅವ್ವನ ಕೈ ಖಾರ ಕಣಕ್ಕ!"

ಪಾಲಕ್ಷಮ್ಮ ನೂರ್‌ಜಾನಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಅದರ ಮೇಲೆ ಒಂದು ಚಮಚ ತುಪ್ಪ ಹೆಚ್ಚಿಗೇ ಸುರಿದಳು.

ನೀತಿ: ಸಿಗದೆ ಹೋದದ್ದನ್ನೇ ಕೆದಕುತ್ತಾ ಕೂತರೆ ಸಿಕ್ಕಿದ್ದೂ ಕೈತಪ್ಪುತ್ತದೆ. ಉಳಿದದ್ದನ್ನು ಅಕ್ಕರೆಯಿಂದ ಕಾಪಾಡುವುದೇ ನಿಜವಾದ ಕೃತಜ್ಞತೆ.